ಟೆಂಪ್ಲೇಟಿನೊಳಗೆ ಆಗಲೇ ಒಂದು ಹೋಟೆಲ್ ಇರುತ್ತೆ

ಯಾವ ಊರಿಗೆ ಹೊರಟರೂ ಊಟ ಎಲ್ಲಿ ಅಂತ ಮೊದಲೇ ನೋಡಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಹೀಗೆ ಹುಡುಕುವಾಗೆಲ್ಲ ಈಗೀಗ ಒಂದು ವಿಷಯ ತಲೆ ತಿನ್ನುತ್ತೆ. ಮಲೆನಾಡಿನ ಹೋಟೆಲ್ಲಿನ ಸೈಟ್ ತೆಗೆದರೂ ಅದೇ, ಕರಾವಳಿಯ ಮೀನೂಟದ ಹೋಟೆಲ್ ತೆಗೆದರೂ ಅದೇ, ವಿಜಯಪುರದ ಕಡೆಯ ಖಾನಾವಳಿ ತೆಗೆದರೂ ಅದೇ. ಪರದೆ ತುಂಬ ಒಂದು ಕಪ್ಪು ಚಿತ್ರ, ಅದರ ಮೇಲೆ ಬಳ್ಳಿಬಳ್ಳಿಯಾದ ಇಂಗ್ಲಿಷ್ ಅಕ್ಷರ, ನಡುವೆ ಟೇಬಲ್ ಬುಕ್ ಮಾಡಿ ಅನ್ನುವ ಬಟನ್. ಕೆಳಗೆ ಸರಿಸಿದರೆ ಬಿಳಿ ಕೋಟು ಹಾಕಿದ ಶೆಫ್. ಇನ್ನೂ ಕೆಳಗೆ ಮೂರು ಜನ ಗ್ರಾಹಕರ ಹೊಗಳಿಕೆ, ಮೂವರೂ ಬೇರೆ ದೇಶದವರು. ಅಷ್ಟು ಕೆಳಗೆ ಬಂದರೂ ನನಗೆ ಬೇಕಾದದ್ದು ಸಿಕ್ಕಿರುವುದಿಲ್ಲ. ರಾತ್ರಿ ಒಂಬತ್ತೂವರೆಗೆ ತಲುಪಿದರೆ ಊಟ ಇರುತ್ತಾ? ಅಷ್ಟೇ ಬೇಕಿದ್ದದ್ದು.

ನಾನು ಇದೇ ಕೆಲಸ ಮಾಡುವವನು. ಸಣ್ಣ ಅಂಗಡಿ, ಕ್ಲಿನಿಕ್, ಹೋಟೆಲ್‌ಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಮಾಡುವುದೂ ರೆಡಿಮೇಡ್ ಟೆಂಪ್ಲೇಟ್, ಅಂದರೆ ಮೊದಲೇ ಮಾಡಿಟ್ಟ ಸೈಟಿನ ಅಚ್ಚು, ಇಟ್ಟುಕೊಂಡೇ. ಅದನ್ನು ಕೀಳು ಕೆಲಸ ಅಂತ ನೋಡುವವರು ನಮ್ಮ ಕಸುಬಿನಲ್ಲಿ ಬಹಳ ಜನ ಇದ್ದಾರೆ, ನಾನು ಒಪ್ಪುವುದಿಲ್ಲ. ಮಧ್ಯಾಹ್ನದ ಊಟದ ಮೇಲೆ ಬದುಕುವ ಒಂದು ಖಾನಾವಳಿಗೆ ಶುರುವಿನಿಂದ ಡಿಸೈನ್ ಮಾಡಿಕೊಡ್ತೀನಿ, ಲಕ್ಷ ರೂಪಾಯಿ ಕೊಡಿ ಅನ್ನುವುದು ನ್ಯಾಯ ಅಲ್ಲ. ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನಲ್ಲಿ ಪುಕ್ಕಟೆ ಥೀಮ್‌ಗಳು (ಅಲ್ಲಿ ಟೆಂಪ್ಲೇಟಿಗೆ ಹೀಗನ್ನುತ್ತಾರೆ) ಬೇಕಾದಷ್ಟಿವೆ. ಥೀಮ್ ಮಾರುವ ಥೀಮ್‌ಫಾರೆಸ್ಟ್‌ನಂಥ ಕಡೆ 5,000 ರೂಪಾಯಿ ಆಸುಪಾಸಿನಲ್ಲಿ ಚೆಂದದ್ದು ಸಿಗುತ್ತೆ. ಮೊಬೈಲ್‌ನಲ್ಲಿ ಸರಿಯಾಗಿ ಕಾಣುವುದು, ಚಿತ್ರಗಳ ಅಳತೆ, ಮೆನು ತೆರೆದು ಮುಚ್ಚುವುದು, ಇಂಥ ಬೇಸರದ ಕೆಲಸಗಳನ್ನೆಲ್ಲ ಯಾರೋ ಆಗಲೇ ಮಾಡಿಟ್ಟಿದ್ದಾರೆ. ಅದನ್ನು ಮತ್ತೆ ಮಾಡುವುದಕ್ಕೆ ಒಬ್ಬ ಹೋಟೆಲ್ ಮಾಲೀಕರ ಹತ್ತಿರ ಯಾಕೆ ದುಡ್ಡು ಇಸಿದುಕೊಳ್ಳಬೇಕು?

ತೊಂದರೆ ಇರುವುದು ಬೇರೆ ಕಡೆ. ಟೆಂಪ್ಲೇಟ್ ಖಾಲಿ ಪುಟ ಅಂತ ಎಲ್ಲರೂ ಅಂದುಕೊಳ್ತಾರೆ. ನಿಜಕ್ಕೂ ಅದು ಸಾಮಾನು ಸಮೇತ ಬಾಡಿಗೆಗೆ ಸಿಕ್ಕ ಮನೆ. ಅದರೊಳಗೆ ಆಗಲೇ ಒಂದು ಹೋಟೆಲ್ ಇರುತ್ತೆ. ಆ ಹೋಟೆಲ್‌ಗೆ ಗಿರಾಕಿಗಳು ಸಂಜೆ ಬರ್ತಾರೆ, ಜೋಡಿಯಾಗಿ ಬರ್ತಾರೆ, ಮೊದಲೇ ಟೇಬಲ್ ಹೇಳಿಟ್ಟು ಬರ್ತಾರೆ. ಮೊದಲು ಸ್ಟಾರ್ಟರ್, ಆಮೇಲೆ ಮೇನ್ಸ್, ಕೊನೆಗೆ ಡೆಸರ್ಟ್, ಪಕ್ಕದಲ್ಲಿ ವೈನ್ ಪಟ್ಟಿ. ವಾರದ ಐದು ದಿನಕ್ಕೆ ಒಂದು ಟೈಮು, ಶನಿವಾರ ಭಾನುವಾರಕ್ಕೆ ಇನ್ನೊಂದು ಟೈಮು. ಟೇಬಲ್ ಬುಕಿಂಗ್ ಡಬ್ಬಿಯ ಹಿಂದೆಯೂ ಒಂದು ಊರಿದೆ. ಓಪನ್‌ಟೇಬಲ್ ಅನ್ನುವ ಕಂಪನಿ 1998ರಲ್ಲಿ ಶುರುವಾಗಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಅಲ್ಲಿಯ ರೆಸ್ಟೋರೆಂಟ್‌ಗಳ ಕಾಯ್ದಿರಿಸುವ ಪುಸ್ತಕವನ್ನು ಇಂಟರ್‌ನೆಟ್‌ಗೆ ತರುವುದಕ್ಕೆ. ಅಲ್ಲಿ ಅದು ನಿಜವಾದ ಅಗತ್ಯ. ನಮ್ಮ ಖಾನಾವಳಿಯಲ್ಲಿ ಎದುರಿಗೆ ಗೊತ್ತಿಲ್ಲದವರು ಕೂತು ಉಣ್ಣುತ್ತಿರುತ್ತಾರೆ, ಜಾಸ್ತಿ ರಶ್ ಇದ್ದರೆ ಉಣ್ಣುವವರ ಕುರ್ಚಿ ಹಿಂದೆ ಇನ್ನೊಬ್ಬರು ನಿಂತು ಕಾಯುತ್ತಾರೆ. ಅಲ್ಲಿಗೆ ಆ ಬಟನ್ ಯಾಕೆ ಬೇಕು?

ಟೈಮಿನ ವಿಷಯವನ್ನೇ ತಗೊಳ್ಳಿ. ಬೆಂಗಳೂರಿನ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಹೋಟೆಲ್‌ಗೆ ಶುಕ್ರವಾರ ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಎರಡೂ ಕಡೆ ಬೆಳಗಿನ ತಿಂಡಿ ಮುಗಿದ ಮೇಲೆ ಬಾಗಿಲು ಹಾಕಿ ಮತ್ತೆ ತೆಗೀತಾರೆ. ಬೆಂಗಳೂರಿನವರಿಗೆ ಇದು ಹುಟ್ಟಿನಿಂದ ಗೊತ್ತಿರುವ ಸಂಗತಿ. ಬೆಳಗಾವಿಯಿಂದ ಬಂದವರು ಶುಕ್ರವಾರ ದೋಸೆಗೆ ಅಂತ ಹೋಗಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬರ್ತಾರೆ. ಹೋಟೆಲ್ಲಿನ ಸೈಟ್ ಇಂಥವರಿಗಾಗಿಯೇ ಅಲ್ವಾ ಇರಬೇಕಾದದ್ದು? ವಾರದ ದಿನ, ವಾರಾಂತ್ಯ ಅಂತ ಎರಡೇ ಸಾಲು ಇರುವ ಡಬ್ಬಿಯಲ್ಲಿ ಇದನ್ನು ಎಲ್ಲಿ ಬರೆಯೋದು?

ಕೋಟು ಹಾಕಿದವರು ಯಾರು

ಹುಬ್ಬಳ್ಳಿಯ ಒಂದು ಖಾನಾವಳಿಗೆ ಸೈಟ್ ಮಾಡುವ ಕೆಲಸ ಬಂದಾಗ ಇದೆಲ್ಲ ನನ್ನ ತಲೆಯಲ್ಲಿ ಗಟ್ಟಿಯಾಯಿತು. ನಡೆಸುವವರು ಒಬ್ಬ ಅಕ್ಕಾರು. ಅವರ ಅತ್ತೆ ಶುರು ಮಾಡಿದ ಖಾನಾವಳಿ. ಬಿಸಿಎ ಓದುವ ಮಗ ತಾನೇ ಹುಡುಕಿ ಒಂದು ಥೀಮ್ ಆರಿಸಿಟ್ಟಿದ್ದ. ನೋಡುವುದಕ್ಕೆ ನಿಜವಾಗಿಯೂ ಚೆನ್ನಾಗಿತ್ತು. ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಗಲ್ಲಾದ ಮೇಲೆ ಇಟ್ಟು ಡೆಮೊ ತೋರಿಸಿದೆವು. ಅಕ್ಕಾರು ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿದರು. ಶೆಫ್ ಫೋಟೋ ಬಂದ ಕಡೆ ಕೈ ಹಿಡಿದು ನಿಲ್ಲಿಸಿದರು.

“ಇವ್ರು ಯಾರ‍್ರಿ ಕೋಟು ಹಾಕ್ಕೊಂಡವರು?”

ಇದು ಸುಮ್ನೆ ಮಾದರಿಗೆ ಹಾಕಿದ್ದು, ಇಲ್ಲಿ ಅಡುಗೆ ಮಾಡುವವರ ಫೋಟೋ ಬರುತ್ತೆ ಅಂತ ಹೇಳಿದೆ.

“ಅಡಿಗಿ ಮಾಡವರ ಫೋಟೋ ಹಾಕೋದಿದ್ರ ನಮ್ಮಲ್ಲಿ ರೊಟ್ಟಿ ಬಡಿಯೋರು ಅದಾರಲ್ರಿ. ಅವರದ ಹಾಕ್ರಿ. ಮಂದಿ ಬರೋದು ಅವರ ಕೈ ರೊಟ್ಟಿ ಸಲುವಾಗಿ.”

ಮಗನಿಗೆ ಸ್ವಲ್ಪ ಮುಜುಗರ ಆಯಿತು ಅನ್ನಿಸುತ್ತೆ. ಡೆಮೊದಲ್ಲಿ ಇದ್ದ ಹಾಗೆ ಇರಬೇಕು, ಒಬ್ಬರೇ ಇರಬೇಕು, ಹಿಂದೆ ಕಪ್ಪು ಪರದೆ ಇರಬೇಕು ಅಂತ ಅವನ ಮನಸ್ಸು. ಅಕ್ಕಾರು ಕೇಳಲಿಲ್ಲ. ನಮ್ಮನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ನಾಲ್ಕು ಜನ ಹೆಂಗಸರು ಒಲೆ ಸುತ್ತ ಕೂತಿದ್ದರು. ಫೋಟೋ ಅಂದ ಕೂಡಲೆ ಸೆರಗು ತಲೆ ಮೇಲೆ ಹೊದ್ದು ‘ನಮ್ದ್ಯಾಕ್ರಿ’ ಅಂದರು. ಅವರಲ್ಲಿ ಎಲ್ಲರಿಗಿಂತ ಹಿರಿಯರು ಮಾತ್ರ ಒಂದು ಷರತ್ತು ಹಾಕಿದರು: ಕೆಲಸ ಮಾಡುವಾಗ ತೆಗೀರಿ, ಸುಮ್ನೆ ನಿಲ್ಲಿಸಿ ತೆಗೀಬ್ಯಾಡ್ರಿ. ಹಾಗೇ ತೆಗೆದೆವು. ಹಿಟ್ಟು ಅಂಗೈ ಕೆಳಗೆ ಅಗಲವಾಗುತ್ತಾ ಹೋಗುವುದು, ತಿರುಗುವುದು, ಹಂಚಿನ ಮೇಲೆ ಬಿದ್ದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದು. ಕಿಟಕಿಯಿಂದ ಬರುವ ಬೆಳಕೇ ಸಾಕಾಯಿತು. ಥೀಮ್ ಜತೆ ಬಂದ ಚಿತ್ರಗಳನ್ನೆಲ್ಲ ತೆಗೆದುಹಾಕಿ ಇವನ್ನು ಕೂರಿಸಿದಾಗ ಬಣ್ಣ ಹೊಂದಲಿಲ್ಲ. ಅದು ಕಪ್ಪು ಪುಟ, ಇದು ಬಿಳಿ ಹಿಟ್ಟು, ಹೊಗೆ ಹಿಡಿದ ಗೋಡೆ, ಕಿಟಕಿಯ ಬಿಸಿಲು. ಫೋಟೋ ಹಾಗೇ ಇಟ್ಟು ಪುಟದ ಬಣ್ಣ ಬದಲಾಯಿಸಿದೆವು. ಟೆಂಪ್ಲೇಟ್‌ನಲ್ಲಿ ಅದಕ್ಕೆ ಎರಡು ನಿಮಿಷದ ಕೆಲಸ. ಬದಲಾಯಿಸಬಹುದು ಅಂತ ಹೊಳೆಯುವುದೇ ಕಷ್ಟ, ಯಾಕೆಂದರೆ ಡೆಮೊ ಅಷ್ಟು ನೀಟಾಗಿ ಕಾಣುತ್ತಿರುತ್ತೆ, ಕೈ ಹಾಕಿದರೆ ಎಲ್ಲಿ ಕೆಡುತ್ತೋ ಅನ್ನಿಸುತ್ತೆ.

ಗಲ್ಲಾದ ಫೋನು

ಮೆನು ಪುಟಕ್ಕೆ ಬಂದಾಗ ಪೂರ್ತಿ ಸಿಕ್ಕಿಹಾಕಿಕೊಂಡೆವು. ಥೀಮ್ ಕೇಳುವುದು ತಿನಿಸಿನ ಹೆಸರು, ಒಂದು ಸಾಲು ವಿವರಣೆ, ಬೆಲೆ, ಫೋಟೋ. ಖಾನಾವಳಿಯಲ್ಲಿ ಇರುವುದು ಒಂದೇ ಊಟ. ಎರಡು ಜೋಳದ ರೊಟ್ಟಿ ಇಲ್ಲವೇ ಚಪಾತಿ, ಒಂದು ಕಾಳು ಪಲ್ಯ, ಒಂದು ಕಾಯಿಪಲ್ಯ, ಶೇಂಗಾ ಹಿಂಡಿ, ಕೆಂಪು ಚಟ್ನಿ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಮೊಸರು, ಕೊನೆಗೆ ಅನ್ನ ಸಾರು. ಪಲ್ಯ ಯಾವುದು ಅನ್ನುವುದು ಆ ದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಯಾವ ಕಾಯಿ ಚೆನ್ನಾಗಿದೆ ಅನ್ನುವುದರ ಮೇಲೆ. ಬದನೆಕಾಯಿ ಎಳೆಯದು ಸಿಕ್ಕರೆ ಎಣ್ಣಿಗಾಯಿ, ಇಲ್ಲದಿದ್ದರೆ ಇಲ್ಲ. ಅಮಾವಾಸ್ಯೆಗೆ ಹೋಳಿಗೆ. ಇದನ್ನು ಹದಿನಾರು ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೆ ಬೆಲೆ ಹಾಕಿದರೆ ಅದು ಖಾನಾವಳಿ ಆಗಿ ಉಳಿಯುವುದಿಲ್ಲ. ಮಗ ಮಾತ್ರ ಬಿಡದೆ ಪಟ್ಟಿ ಮಾಡುತ್ತಿದ್ದ. ಶೇಂಗಾ ಹಿಂಡಿಗೆ ಎಷ್ಟು ಬೆಲೆ ಹಾಕಲಿ ಅಂತ ಅಮ್ಮನನ್ನು ಕೇಳಿದ. ಅವರು ಬಹಳ ಗಂಭೀರವಾಗಿ, ಹಿಂಡಿಗೆ ಯಾರಾದ್ರೂ ರೊಕ್ಕ ತಗೋತಾರೇನೋ ಅಂದರು.

ಅವತ್ತು ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ಗಲ್ಲಾದ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತೆ. ಅಲ್ಲೊಂದು ಫೋನ್ ಇದೆ, ಹನ್ನೊಂದು ಗಂಟೆಯಿಂದ ಬಡಿದುಕೊಳ್ಳುವುದಕ್ಕೆ ಶುರು ಮಾಡಿದರೆ ಮೂರು ಗಂಟೆಯವರೆಗೆ ನಿಲ್ಲುವುದಿಲ್ಲ. ಬಂದ ಪ್ರಶ್ನೆಗಳನ್ನು ಬಿಲ್ ಪುಸ್ತಕದ ಹಿಂದೆ ಬರೆದುಕೊಳ್ಳುತ್ತಾ ಹೋದೆ. “ಇವತ್ತ ಚಾಲೂ ಅದ ಏನ್ರಿ?” ಇದೇ ಎಲ್ಲಕ್ಕಿಂತ ಜಾಸ್ತಿ. “ಎಷ್ಟು ಗಂಟೆ ತನಕ ಊಟ ಸಿಗ್ತದ?” “ನಲವತ್ತು ಮಂದಿ ಅದೀವ್ರಿ, ಬಸ್ ನಿಲ್ಲಸಾಕ ಜಾಗ ಅದ ಏನ್ರಿ?” “ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ್ದು ಮಾಡಿ ಕೊಡ್ತೀರೇನ್ರಿ?” ಇದನ್ನು ಕೇಳಿದವರು ಜೈನರ ಮನೆಯವರು, ಹುಬ್ಬಳ್ಳಿಯಲ್ಲಿ ಇದು ಅಪರೂಪದ ಪ್ರಶ್ನೆ ಅಲ್ಲ. ಆಮೇಲೆ ಒಂದು ಕರೆ ಬಂತು: ಪುಣೆಗೆ ಒಯ್ಯುವುದಕ್ಕೆ ನೂರು ಖಡಕ್ ರೊಟ್ಟಿ ಬೇಕು, ಯಾವತ್ತು ಹೇಳಿದರೆ ಸಿಗುತ್ತೆ, ಎಷ್ಟು ದಿನ ಇರುತ್ತೆ, ಡಬ್ಬಿಯಲ್ಲಿ ಕಟ್ಟಿ ಕೊಡ್ತೀರೋ ನಾವೇ ತರಬೇಕೋ. ಅಕ್ಕಾರು ಆ ಕರೆಗೆ ಐದು ನಿಮಿಷ ಉತ್ತರ ಕೊಟ್ಟರು. ಇಂಥ ಕರೆ ದಿನಾ ಬರುತ್ತಂತೆ, ಹಬ್ಬ ಮದುವೆ ಹತ್ತಿರ ಬಂದರೆ ಇನ್ನೂ ಜಾಸ್ತಿ. ಖಾನಾವಳಿಯ ವ್ಯಾಪಾರದ ಒಂದು ದೊಡ್ಡ ಪಾಲು ಈ ರೊಟ್ಟಿ ಪಾರ್ಸೆಲ್‌ನಿಂದ ಬರುತ್ತೆ ಅಂತ ನನಗೆ ಗೊತ್ತಾಗಿದ್ದು ಆವಾಗ. ಥೀಮ್‌ನಲ್ಲಿ ಅದಕ್ಕೆ ಒಂದು ಮೂಲೆಯೂ ಇರಲಿಲ್ಲ, ಟೇಬಲ್ ಬುಕಿಂಗ್‌ಗೆ ಮೂರು ಕಡೆ ಜಾಗ ಇತ್ತು.

ಸೈಟ್ ಆ ಹಾಳೆಯಿಂದ ಹುಟ್ಟಿತು. ಟೆಂಪ್ಲೇಟ್ ಅದೇ, ಒಂದು ರೂಪಾಯಿ ಜಾಸ್ತಿ ಖರ್ಚು ಆಗಲಿಲ್ಲ. ಟೇಬಲ್ ಬುಕಿಂಗ್ ಇದ್ದ ಜಾಗದಲ್ಲಿ ರೊಟ್ಟಿ ಪಾರ್ಸೆಲ್‌ಗೆ ಒಂದು ವಾಟ್ಸಾಪ್ ಬಟನ್, ಅದರ ಕೆಳಗೆ ಎರಡು ಸಾಲು ಉತ್ತರ. ತಲೆಯ ಮೇಲೇ ಊಟದ ಸಮಯ, ರಜೆ ಯಾವತ್ತು, ದೊಡ್ಡ ಗಾಡಿ ಎಲ್ಲಿ ನಿಲ್ಲಿಸಬಹುದು. ಊಟಕ್ಕೆ ಒಂದೇ ಬೆಲೆ, ಅದರಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅನ್ನುವುದು, ಒಂದೇ ತಾಟಿನ ಫೋಟೋ, ತಾಟಿನಲ್ಲಿ ಏನೇನಿದೆ ಅಂತ ಒಂದು ಪ್ಯಾರಾ. ಇವತ್ತಿನ ಪಲ್ಯ ಯಾವುದು ಅನ್ನುವುದನ್ನು ಸೈಟಿಗೆ ಹಾಕುವುದು ಬೇಡ ಅಂದೆ. ಅಕ್ಕಾರು ಬೆಳಿಗ್ಗೆ ಬೋರ್ಡ್ ಬರೆದು ಅದರ ಫೋಟೋವನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕುತ್ತಾರೆ, ಕಾಯಂ ಗಿರಾಕಿಗಳು ಅಲ್ಲೇ ನೋಡುತ್ತಾರೆ. ನಡೆಯುತ್ತಿರುವುದನ್ನು ಯಾಕೆ ಕೆಡಿಸಬೇಕು? ಅಡಿಯಲ್ಲಿ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ 14 ಅಂಕಿಯ ನಂಬರ್ ಹಾಕಿದೆವು. 2022ರ ಜನವರಿಯಿಂದ ಬಿಲ್ಲಿನ ಮೇಲೆ ಅದು ಇರಲೇಬೇಕು ಅಂತ ಆಗಿದೆ, ಸೈಟಿನಲ್ಲೂ ಇದ್ದರೆ ಹೊರಗಿನಿಂದ ದೊಡ್ಡ ಆರ್ಡರ್ ಕೊಡುವವರಿಗೆ ಧೈರ್ಯ.

ಒತ್ತಕ್ಷರಕ್ಕೆ ಜಾಗ ಇಲ್ಲ

ಇನ್ನು ಕನ್ನಡ. ಥೀಮ್ ಮಾಡಿದವರಿಗೆ ನಮ್ಮ ಅಕ್ಷರದ ಪರಿಚಯ ಇರುವುದಿಲ್ಲ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಕನ್ನಡ ಹಾಕಿ ನೋಡಿ, ಚೆನ್ನಾಗಿ ಕಾಣ್ತಿಲ್ಲ ಅಂತ ತೆಗೆದು ಇಂಗ್ಲಿಷ್ ಹಾಕುವವರನ್ನು ನೋಡಿದಾಗ ನನಗೆ ನಿಜವಾಗಿ ಬೇಜಾರಾಗುತ್ತೆ, ಯಾಕೆಂದರೆ ಸರಿ ಮಾಡುವುದು ಕಷ್ಟ ಅಲ್ಲ. ಹೋಟೆಲ್ ಥೀಮ್‌ಗಳಿಗೆ ಪ್ಲೇಫೇರ್ ಡಿಸ್‌ಪ್ಲೇ, ಗ್ರೇಟ್ ವೈಬ್ಸ್ ಥರದ ಫಾಂಟ್ ಅಂದರೆ ಬಹಳ ಪ್ರೀತಿ. ಅವುಗಳಲ್ಲಿ ಕನ್ನಡ ಅಕ್ಷರವೇ ಇಲ್ಲ. ಹಾಗಾಗಿ ಬ್ರೌಸರ್ ಕೈಗೆ ಸಿಕ್ಕ ಇನ್ಯಾವುದೋ ಕನ್ನಡ ಫಾಂಟ್ ತಂದು ಹಾಕುತ್ತೆ, ಒಂದೊಂದು ಮೊಬೈಲ್‌ನಲ್ಲಿ ಒಂದೊಂದು ಥರ ಕಾಣುತ್ತೆ. ಜತೆಗೆ ತಲೆಬರಹದಲ್ಲಿ ಸಾಲಿನ ಎತ್ತರವನ್ನು ಬಿಗಿಯಾಗಿ ಕಟ್ಟಿರುತ್ತಾರೆ. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ಸಾಕು. ಕನ್ನಡದಲ್ಲಿ ಕೆಳಗೆ ಒತ್ತಕ್ಷರ ಇಳಿಯುತ್ತಲ್ಲ, ಅದು ಮುಂದಿನ ಸಾಲಿಗೆ ಹೊಡೆಯುತ್ತೆ, ಇಲ್ಲವೇ ಅರ್ಧ ಕತ್ತರಿಸಿಹೋಗುತ್ತೆ. ‘ರೊಟ್ಟಿ’ಯ ಟಕ್ಕೆ ಕೆಳಗಿನ ಒತ್ತೇ ಕಾಣದೆ ‘ರೊಟಿ’ ಆಗಿ ನಿಂತಿದ್ದನ್ನು ನಾನೇ ನೋಡಿದ್ದೇನೆ. ಅಕ್ಷರಗಳ ನಡುವೆ ಅಂತರ ಬಿಡುವ ಸೆಟ್ಟಿಂಗ್ ಇನ್ನೊಂದು ಕಾಟ, ಪದ ಬಿಡಿಬಿಡಿಯಾಗಿ ಚೆಲ್ಲಿಹೋಗುತ್ತೆ.

ಮೂರು ಕೆಲಸ ಮಾಡಿದರೆ ಸಾಕು. ನೋಟೋ ಸಾನ್ಸ್ ಕನ್ನಡವೋ, ಬಲೂ ತಮ್ಮವೋ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುವ ಒಂದನ್ನು ಹಾಕಿ. ಸಾಲಿನ ಎತ್ತರ ಅಕ್ಷರದ ಅಳತೆಯ 1.5 ಪಟ್ಟಿಗಿಂತ ಕಡಿಮೆ ಬೇಡ. ಅಕ್ಷರದ ಅಂತರ ಸೊನ್ನೆ ಮಾಡಿ. ಪುಟದ ಭಾಷೆ ಇಂಗ್ಲಿಷ್ ಅಂತ ಥೀಮ್ ಬರೆದುಕೊಂಡಿರುತ್ತೆ, ಅದನ್ನು ಕನ್ನಡ ಅಂತ ಬದಲಾಯಿಸಿದರೆ ಓದಿ ಹೇಳುವ ಸಾಫ್ಟ್‌ವೇರ್ ಬಳಸುವವರಿಗೂ ಅನುಕೂಲ.

ಹೋಟೆಲ್‌ನವರು ಕೊಡುವ ಹಳೆಯ ಮೆನು ಫೈಲಿನದೇ ಬೇರೆ ಕತೆ. ಪ್ರಿಂಟಿಂಗ್ ಪ್ರೆಸ್‌ನವರು ನುಡಿ, ಶ್ರೀಲಿಪಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಹಳೆಯ ಪದ್ಧತಿಯಲ್ಲಿ ಟೈಪ್ ಮಾಡಿರುತ್ತಾರೆ. ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಬರುತ್ತೆ. ಕನ್ನಡ ಆನ್‌ಲೈನ್‌ನಲ್ಲಿ ಬರಲ್ಲ ಅಂತ ತಿಳಿದು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ, ಇಲ್ಲದಿದ್ದರೆ ಮೆನು ಕಾರ್ಡಿನ ಫೋಟೋ ತೆಗೆದು ಹಾಕುತ್ತಾರೆ. ಅದನ್ನು ಆನ್‌ಲೈನ್‌ನಲ್ಲಿ ಸರಿಯಾಗಿ ಕಾಣುವ ಯೂನಿಕೋಡ್ ಪದ್ಧತಿಗೆ ಬದಲಾಯಿಸುವ ಕನ್ವರ್ಟರ್‌ಗಳಿವೆ. ಬದಲಾಯಿಸಿದ ಮೇಲೆ ಒಮ್ಮೆ ಕೂತು ಓದಬೇಕು, ಅರ್ಕಾವತ್ತು ಇರುವ ಕಡೆ ಎಡವಟ್ಟಾಗಿರುತ್ತೆ. ಫೋಟೋ ಹಾಕಿದರೆ ಗೂಗಲ್‌ನಲ್ಲಿ ‘ಎಣ್ಣಿಗಾಯಿ’ ಅಂತ ಹುಡುಕುವವರಿಗೆ ಆ ಹೋಟೆಲ್ ಸಿಗುವುದು ಕಷ್ಟ.

‘ನಮ್ಮ ಕತೆ’ ಅನ್ನುವ ಡಬ್ಬಿ

ಪ್ರತಿ ಥೀಮ್‌ನಲ್ಲೂ ನಮ್ಮ ಕತೆ ಅಂತ ಒಂದು ಜಾಗ ಇರುತ್ತೆ. ಅಲ್ಲಿ ತುಂಬಿರುವ ಮಾತು ಎಲ್ಲ ಕಡೆ ಒಂದೇ: ರುಚಿಯ ಮೇಲಿನ ಪ್ರೀತಿ, ತಾಜಾ ಪದಾರ್ಥ, ಮರೆಯಲಾಗದ ಅನುಭವ. ಇದನ್ನು ಅಳಿಸಿದರೆ ಯಾರಿಗೂ ನಷ್ಟ ಇಲ್ಲ. ಕತೆ ಇರುವವರು ಹೇಗೆ ಹೇಳ್ತಾರೆ ಅನ್ನುವುದಕ್ಕೆ ನನಗೆ ಎಂಟಿಆರ್ ನೆನಪಾಗುತ್ತೆ. 1924ರಲ್ಲಿ ಶುರುವಾದ ಹೋಟೆಲ್. ತುರ್ತು ಪರಿಸ್ಥಿತಿಯ ಕಾಲದಲ್ಲಿ ತಿಂಡಿಯ ಬೆಲೆಯನ್ನು ಸರ್ಕಾರ ಇಳಿಸಿದಾಗ ಗುಣಮಟ್ಟ ಕಡಿಮೆ ಮಾಡದೆ ನಷ್ಟದಲ್ಲೇ ಮಾರಿದರು, ದಿನಾ ಎಷ್ಟು ನಷ್ಟ ಆಯಿತು ಅಂತ ಬಾಗಿಲಲ್ಲಿ ಬರೆದು ಹಾಕುತ್ತಿದ್ದರು ಅಂತ ಬೆಂಗಳೂರಿನ ಹಳಬರು ಹೇಳುತ್ತಾರೆ. ಆ ಒಂದು ವಿಷಯ ಕೇಳಿದರೆ ಸಾಕು, ಆ ಅಡುಗೆಮನೆ ಎಂಥದ್ದು ಅಂತ ತಿಳಿಯುತ್ತೆ. ಹುಬ್ಬಳ್ಳಿಯ ಅಕ್ಕಾರ ಖಾನಾವಳಿಗೆ ಅಷ್ಟು ದೊಡ್ಡ ಕತೆ ಇಲ್ಲ. ಅತ್ತೆ ಮೊದಲು ಕಾಲೇಜಿನ ಹುಡುಗರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು, ಈಗ ಆ ಹುಡುಗರ ಮಕ್ಕಳು ಬಂದು ಉಣ್ಣುತ್ತಾರೆ. ಅದನ್ನೇ ಮೂರು ಸಾಲಿನಲ್ಲಿ ಬರೆದೆವು.

ಸೈಟ್ ಯಾರ ಹೆಸರಲ್ಲಿದೆ

ಇದನ್ನೆಲ್ಲ ಹೇಳಿದಾಗ ಕೆಲವರು ಕೇಳುತ್ತಾರೆ, ಗೂಗಲ್ ಮ್ಯಾಪ್ಸ್‌ನಲ್ಲಿ ಹೆಸರಿದೆ, ಸ್ವಿಗ್ಗಿ ಝೊಮ್ಯಾಟೊದಲ್ಲಿದೆ, ಇನ್‌ಸ್ಟಾಗ್ರಾಮ್ ಇದೆ, ಸೈಟ್ ಯಾಕೆ ಅಂತ. ಸಣ್ಣ ದರ್ಶಿನಿಗೆ ಬೇಡವೇನೋ, ನಾನೇ ಕೆಲವರಿಗೆ ಬೇಡ ಅಂತ ಹೇಳಿ ಕಳಿಸಿದ್ದೇನೆ. ಮ್ಯಾಪ್ಸ್‌ನಲ್ಲಿ ಟೈಮು, ಫೋನ್ ನಂಬರ್ ಸರಿಯಾಗಿದ್ದರೆ ಅವರಿಗೆ ಅಷ್ಟು ಸಾಕು. ಅಲ್ಲಿ ಒಂದೇ ದಿನಕ್ಕೆ ಎರಡು ಹೊತ್ತಿನ ಟೈಮ್ ಹಾಕುವುದಕ್ಕೂ ಬರುತ್ತೆ.

ಆದರೆ ಒಂದು ಘಟನೆ ನನ್ನನ್ನು ಯೋಚನೆಗೆ ಹಚ್ಚಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಜತೆ ಒಂದು ಪುಟದ ಪುಕ್ಕಟೆ ವೆಬ್‌ಸೈಟ್ ಸಿಗುತ್ತಿತ್ತು, ಅದೂ ಒಂದು ರೆಡಿಮೇಡ್ ಟೆಂಪ್ಲೇಟೇ. ಮೆನು ಕಾರ್ಡ್, ವಿಸಿಟಿಂಗ್ ಕಾರ್ಡ್ ಮೇಲೆ ಅದರ ವಿಳಾಸ ಅಚ್ಚು ಹಾಕಿಸಿಕೊಂಡ ಹೋಟೆಲ್‌ನವರು ಇದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅದನ್ನು ನಿಲ್ಲಿಸಿತು, ಜೂನ್ 10ರ ನಂತರ ಆ ವಿಳಾಸ ಹೊಡೆದರೆ ಪುಟವೇ ಇಲ್ಲ. ಸೈಟ್ ಕಟ್ಟಿಕೊಳ್ಳುವುದಕ್ಕೆ ಆನ್‌ಲೈನ್‌ನಲ್ಲೇ ಜಾಗ ಕೊಡುವ ವಿಕ್ಸ್‌ನಂಥ ಕಂಪನಿಗಳಲ್ಲಿ ಮಾಡಿದ ಸೈಟನ್ನು ಎತ್ತಿಕೊಂಡು ಬೇರೆ ಕಡೆ ಹೋಗುವುದಕ್ಕೆ ಆಗುವುದಿಲ್ಲ, ಮತ್ತೆ ಮೊದಲಿನಿಂದ ಕಟ್ಟಬೇಕು. ಇನ್ನೊಂದು ಕಡೆ, ಸೈಟ್ ಮಾಡಿಕೊಟ್ಟ ಏಜೆನ್ಸಿಯೊಂದು ಡೊಮೇನ್ ಅನ್ನು, ಅಂದರೆ ಸೈಟಿನ ವಿಳಾಸವನ್ನು, ತನ್ನ ಹೆಸರಲ್ಲೇ ಇಟ್ಟುಕೊಂಡು ಪ್ರತಿ ವರ್ಷ ದುಡ್ಡು ಏರಿಸುತ್ತಿದ್ದದ್ದನ್ನು ಹತ್ತಿರದಿಂದ ನೋಡಿದೆ. ಆ ಮಾಲೀಕರು ಮೂವತ್ತು ವರ್ಷ ದುಡಿದು ಕಟ್ಟಿದ ಹೆಸರು, ಅದರ ಕೀಲಿ ಇನ್ನೊಬ್ಬರ ಜೇಬಲ್ಲಿ. ಅದಕ್ಕೇ ನಾನು ಈಗ ಎಲ್ಲಕ್ಕಿಂತ ಮೊದಲು ಡೊಮೇನ್ ಅನ್ನು ಮಾಲೀಕರ ಹೆಸರಿನಲ್ಲಿ, ಅವರದೇ ಇಮೇಲ್‌ಗೆ, ಅವರ ಕೈಯಿಂದಲೇ ದುಡ್ಡು ಕಟ್ಟಿಸಿ ಮಾಡಿಸುತ್ತೇನೆ. ವರ್ಡ್‌ಪ್ರೆಸ್ ಆದರೆ ಥೀಮ್ ಬೇಡ ಅನ್ನಿಸಿದರೆ ಬದಲಾಯಿಸಬಹುದು, ಬರೆದದ್ದು, ಫೋಟೋ ಎಲ್ಲ ಉಳಿಯುತ್ತೆ, ಸೈಟನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಯನ್ನೂ ಬಿಟ್ಟು ಹೋಗಬಹುದು.

ಅಕ್ಕಾರ ಸೈಟ್ ಈಗ ನಡೆಯುತ್ತಿದೆ. ಮಗನೇ ನೋಡಿಕೊಳ್ಳುತ್ತಾನೆ, ಶ್ರಾವಣದಲ್ಲಿ ಟೈಮ್ ಬದಲಾದಾಗ ಅವನೇ ಬದಲಾಯಿಸಿದ. ಗಲ್ಲಾದ ಫೋನ್ ನಿಂತಿಲ್ಲ, ನಿಲ್ಲುವುದೂ ಬೇಡ, ಬಸ್ಸಿನ ಜಾಗ ಕೇಳುವ ಕರೆ ಮಾತ್ರ ಕಡಿಮೆಯಾಗಿದೆ ಅಂತ ಅಕ್ಕಾರು ಹೇಳಿದರು. ರೊಟ್ಟಿ ಆರ್ಡರ್ ವಾಟ್ಸಾಪ್‌ಗೆ ಬರೆದು ಬರುವುದರಿಂದ ಎಷ್ಟು, ಯಾವತ್ತಿಗೆ ಅನ್ನುವುದು ತಪ್ಪುವುದಿಲ್ಲವಂತೆ. ಹೋದ ಸಲ ಭೇಟಿಯಾದಾಗ ಇನ್ನೊಂದು ಕೆಲಸ ಹೇಳಿದರು: ಸೊಲ್ಲಾಪುರ, ಪುಣೆ ಕಡೆಯ ಮಂದಿ ಬಹಳ ಅದಾರ, ಮರಾಠಿಯೊಳಗೂ ಹಾಕು ತಮ್ಮಾ. ಥೀಮ್‌ನ ಫಾಂಟ್‌ನಲ್ಲಿ ದೇವನಾಗರಿಯೂ ಇಲ್ಲ, ಅದಕ್ಕೊಂದು ಫಾಂಟ್ ಸೇರಿಸಬೇಕು. ಸದ್ಯಕ್ಕೆ ರೊಟ್ಟಿ ಪಾರ್ಸೆಲ್ ಪುಟ ಒಂದನ್ನು ಮರಾಠಿಗೆ ತರುತ್ತಿದ್ದೇವೆ, ನಿಪ್ಪಾಣಿಯ ಅವರ ನೆಂಟರೊಬ್ಬರು ತಿದ್ದಿಕೊಡುತ್ತಿದ್ದಾರೆ. ಮಿಕ್ಕ ಪುಟಗಳಿಗೆ ಅವಸರ ಇಲ್ಲ.